ಮರ ಮೊದಲೋ, ತಂತಿ ಮೊದಲೋ?

ರೋಹಿಣಿ ಮಳೆಯ ಗಾಳಿ ಬೀಸಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ತಾಲೂಕುಗಳ ಜನರು ಮಾಡುವ ಮೊದಲ ಕೆಲಸವೆಂದರೆ ಮೇಣದ ಬತ್ತಿಯನ್ನು ಹುಡುಕಿಡುವುದು. ಎಲ್ಲಿಯೋ ಒಂದು ತೆಂಗಿನ ಮಡಲು ತಂತಿಯ ಮೇಲೆ ಜಾರಿ ಬೀಳುತ್ತದೆ, ಎಲ್ಲಿಯೋ ಮಾವಿನ ಟೊಂಗೆಯೊಂದು ಮುರಿಯುತ್ತದೆ, ಊರೆಲ್ಲ ಕತ್ತಲೆಯಾಗುತ್ತದೆ. ಕತ್ತಲೆಯಾದ ಮೇಲೆ ಜಗಳಕ್ಕೆ ಆರಂಭ. ಪೇಟೆಯವರು ವಿದ್ಯುತ್ ಕಂಪನಿಯನ್ನು ಬಯ್ಯುತ್ತಾರೆ. ಕಂಪನಿಯವರು ಮರದ ಒಡೆಯನನ್ನು ಬಯ್ಯುತ್ತಾರೆ. ಮರದ ಒಡೆಯನು ‘ಇದು ನನ್ನಜ್ಜ ನೆಟ್ಟ ಮರ, ನಿಮ್ಮ ತಂತಿ ನಿನ್ನೆ ಮೊನ್ನೆ ಬಂದದ್ದು’ ಎನ್ನುತ್ತಾನೆ. ಮೂವರ ಮಾತಿನಲ್ಲಿಯೂ ಒಂದೊಂದು ಪಾಲು ಸತ್ಯವಿದೆ. ಆದರೆ ಮೂರು ಪಾಲನ್ನೂ ಕೂಡಿಸಿ ನೋಡುವವರಿಲ್ಲ. ಆದ್ದರಿಂದಲೇ ವರ್ಷ ವರ್ಷವೂ ಅದೇ ಕತ್ತಲೆ, ಅದೇ ಜಗಳ.

ಟೊಂಗೆ ಸವರುವುದು ಸಂಪಾದಕೀಯಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ದಿನದ ದುಡಿಮೆಯಿಂದ ದಿನದ ಅನ್ನ ಕಾಣುವವನಿಗೆ ಇದು ಸಣ್ಣ ವಿಷಯವಲ್ಲ. ಅಕ್ಕಿ ಗಿರಣಿಯ ಪಟ್ಟಿ ನಿಂತರೆ ಕಾಮಗಾರನ ಕೂಲಿಯೂ ನಿಲ್ಲುತ್ತದೆ. ಮರ ಕೊಯ್ಯುವ ಮಿಲ್ಲಿನಲ್ಲಿ, ಎಣ್ಣೆಯ ಗಿರಣಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಎಲ್ಲೆಲ್ಲಿಯೂ ಇದೇ ಮಾತು. ಐಸ್ ಕಾರ್ಖಾನೆ ನಿಂತರೆ ಮೀನು ಮಾರುವ ಹೆಂಗಸು ಸಂಜೆಯೊಳಗೆ ಬುಟ್ಟಿಯನ್ನು ಸಿಕ್ಕ ಬೆಲೆಗೆ ಸುರಿಯಬೇಕು. ದರ್ಜಿಯವನ ಹೊಲಿಗೆ, ಝೆರಾಕ್ಸ್ ಅಂಗಡಿಯವನ ವ್ಯಾಪಾರ, ತಂಪು ಪಾನೀಯದವನ ಪೆಟ್ಟಿಗೆ ಎಲ್ಲವೂ ಒಂದು ಮಡಲಿನ ಕೆಳಗೆ ಸಿಕ್ಕಿಬಿದ್ದಿವೆ. ಹಣವುಳ್ಳವನ ಮನೆಯಲ್ಲಿ ಇನ್‌ವರ್ಟರ್ ಉರಿಯುತ್ತದೆ, ಜನರೇಟರ್ ತಿರುಗುತ್ತದೆ. ಕತ್ತಲೆಯು ಎಲ್ಲರಿಗೂ ಸಮಾನವಾಗಿ ಬರುತ್ತದೆಂಬುದು ಸುಳ್ಳು; ಅದು ಬಡವನ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಈ ಕತ್ತಲೆಗೆ ವಿದ್ಯುತ್ತಿನ ಅಭಾವವೇ ಕಾರಣವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಶರಾವತಿಯು ಹೊನ್ನಾವರದಲ್ಲಿ ಸಮುದ್ರ ಸೇರುವ ಮೊದಲು ನಾಡಿಗೆಲ್ಲ ಬೆಳಕು ಕೊಟ್ಟು ಬರುತ್ತಾಳೆ. ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಆಮೇಲೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿಯೇ ೨೪೦ ಮೆಗಾವಾಟಿನ ಕೇಂದ್ರ ಬಂದಿತು. ಇದೇ ಜಿಲ್ಲೆಯ ಕಾಳಿ ನದಿಗೆ ಸಾಲು ಅಣೆಕಟ್ಟುಗಳಿವೆ. ಕೈಗಾದಲ್ಲಿ ೨೨೦ ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ. ಇವುಗಳಿಗಾಗಿ ಜನರು ನೆಲ ಬಿಟ್ಟರು, ತೋಟ ಬಿಟ್ಟರು, ಮನೆ ಬಿಟ್ಟರು. ಅಂಥ ಜಿಲ್ಲೆಯ ಪೇಟೆಗಳಲ್ಲಿ ಗಾಳಿಮಳೆಗೆ ದೀಪ ಆರುತ್ತದೆಂದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿದೆ. ಕೊರತೆಯಿರುವುದು ವಿದ್ಯುತ್ತಿನದಲ್ಲ, ಮನೆಯ ಬಾಗಿಲಿಗೆ ಬರುವ ಕೊನೆಯ ಹತ್ತು ಕಂಬಗಳ ಆರೈಕೆಯದು.

ಒಂದು ಟೊಂಗೆಯಿಂದ ಊರೇ ಕತ್ತಲಾಗುವುದು ಹೇಗೆಂಬುದನ್ನು ನಮ್ಮ ಓದುಗ ಬಾಂಧವರು ತಿಳಿದಿರುವುದು ಲೇಸು. ಉಪಕೇಂದ್ರದಿಂದ ಹೊರಡುವ ದೊಡ್ಡ ಮಾರ್ಗದಲ್ಲಿ ೧೧,೦೦೦ ವೋಲ್ಟಿನ ಒತ್ತಡವಿರುತ್ತದೆ. ಓಣಿಯ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿ ಮನೆಗೆ ೨೩೦ ವೋಲ್ಟಾಗಿ ಕೊಡುತ್ತದೆ. ಈ ತಂತಿಗಳು ಬಹುತೇಕ ಬರಿಮೈಯವು. ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳು, ಮೇಲೆ ಹೊದಿಕೆಯಿಲ್ಲ. ತಂತಿಗೂ ಮರಕ್ಕೂ ನಡುವಿನ ಗಾಳಿಯ ಅಂತರವೇ ಅದರ ಹೊದಿಕೆ. ಬಿಸಿಲಿಗೂ ಭಾರಕ್ಕೂ ತಂತಿ ಕಾದು ಜೋಲುತ್ತದೆ, ಮಳೆಗೆ ಟೊಂಗೆ ತೊಯ್ದು ಭಾರವಾಗಿ ಬಾಗುತ್ತದೆ, ಅಂತರ ಹೋಗುತ್ತದೆ. ಒದ್ದೆ ಟೊಂಗೆಯ ಮೂಲಕ ವಿದ್ಯುತ್ತು ನೆಲಕ್ಕೆ ಹರಿದ ಕೂಡಲೆ ಉಪಕೇಂದ್ರದ ಬ್ರೇಕರ್ ತಾನಾಗಿಯೇ ಬಿದ್ದು ಇಡೀ ಮಾರ್ಗವನ್ನು ಆರಿಸುತ್ತದೆ. ಅದು ಬೀಳದಿದ್ದರೆ ಇನ್ನೂ ಅಪಾಯ. ತಂತಿ ಕಡಿದು ಜೀವಂತವಾಗಿಯೇ ನೆಲದ ಮೇಲೆ ಮಲಗಿರುತ್ತದೆ. ಆಮೇಲೆ ಲೈನ್‌ಮನ್‌ನು ರಾತ್ರಿಯ ಮಳೆಯಲ್ಲಿ ಬ್ಯಾಟರಿ ಹಿಡಿದು, ಆ ಟೊಂಗೆ ಎಲ್ಲಿದೆಯೆಂದು ಕಂಬದಿಂದ ಕಂಬಕ್ಕೆ ನಡೆದು ಹುಡುಕಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಮನೆಮನೆಗೂ ತೆಂಗಿರುವ ಈ ಕರಾವಳಿಯಲ್ಲಿ ಅದೆಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ಇದು ನಮ್ಮೂರಿನ ಬಡತನದ ಫಲವೆಂದೂ ತಿಳಿಯಬಾರದು. ೨೦೦೩ರ ಆಗಸ್ಟ್ ೧೪ರಂದು ಅಮೇರಿಕದಲ್ಲಿಯೂ ಕೆನಡಾದಲ್ಲಿಯೂ ಸೇರಿ ಸುಮಾರು ಐದು ಕೋಟಿ ಜನರು ಕತ್ತಲೆಯಲ್ಲಿ ಕುಳಿತರು. ಓಹಾಯೋ ರಾಜ್ಯದಲ್ಲಿ ದೊಡ್ಡ ತಂತಿಮಾರ್ಗಗಳು ಜೋತು ಮರಗಳನ್ನು ಮುಟ್ಟಿದ್ದು ಅದರ ಮೂಲಗಳಲ್ಲೊಂದು. ಅಲ್ಲಿನ ಕಂಪನಿಯು ಮರಗಳನ್ನು ಸರಿಯಾಗಿ ಸವರಿರಲಿಲ್ಲವೆಂದು ಎರಡೂ ದೇಶಗಳ ಜಂಟಿ ತನಿಖೆಯು ಹೇಳಿತು. ಅದೇ ವರ್ಷದ ಸಪ್ಟೆಂಬರ್ ೨೮ರಂದು ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿ ತಂತಿಯಿಂದ ಮರವೊಂದಕ್ಕೆ ಕಿಡಿ ಹಾರಿದ್ದೇ ನೆವವಾಗಿ ಸಾರ್ಡಿನಿಯಾ ದ್ವೀಪವೊಂದನ್ನುಳಿದು ಇಟಲಿ ದೇಶವೆಲ್ಲ ಕತ್ತಲಾಯಿತು. ಆ ಬಳಿಕ ಅಮೇರಿಕದಲ್ಲಿ ದೊಡ್ಡ ಮಾರ್ಗಗಳ ಬಳಿ ಮರ ಸವರುವುದನ್ನು ಕಡ್ಡಾಯ ಮಾಡಿ, ತಪ್ಪಿದ ಕಂಪನಿಗೆ ದಂಡವೆಂದು ವಿಧಿಸಿದರು. ಮರ ಸವರುವುದು ಬಿಡುವಿದ್ದಾಗ ಮಾಡುವ ಕೆಲಸವಲ್ಲ, ವಿದ್ಯುತ್ ಪೂರೈಕೆಯ ಒಂದು ಅಂಗವೇ ಆಗಿದೆ ಎಂಬುದನ್ನು ಅವರು ದುಬಾರಿ ಬೆಲೆ ಕೊಟ್ಟು ಕಲಿತರು.

ಇನ್ನು ಮೂಲ ಪ್ರಶ್ನೆಗೆ ಬರೋಣ. ಮರ ಮೊದಲೋ, ತಂತಿ ಮೊದಲೋ? ಇದನ್ನು ಜನರು ಸಿಟ್ಟಿನಲ್ಲಿ ಕೇಳುತ್ತಾರೆ; ಆದರೆ ನಮ್ಮ ದೇಶದ ಕಾನೂನೂ ಇದೇ ಪ್ರಶ್ನೆಯನ್ನು ಕೇಳುತ್ತದೆಂಬುದು ಬಹಳ ಜನರಿಗೆ ಗೊತ್ತಿಲ್ಲ. ೨೦೦೩ರ ವಿದ್ಯುತ್ ಕಾಯಿದೆಯ ೬೮ನೆಯ ಕಲಮಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ತಂತಿಗೆ ಅಡ್ಡಿಯಾಗುವ ಮರವನ್ನು ತೆಗೆಸಲು ಕಂಪನಿಯು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅಥವಾ ಸರಕಾರ ನೇಮಿಸಿದ ಅಧಿಕಾರಿಗೆ ಅರ್ಜಿ ಕೊಡಬಹುದು. ಅವರು ಮರವನ್ನು ತೆಗೆಸಬಹುದು ಅಥವಾ ಬೇರೆ ಕ್ರಮ ಕೈಕೊಳ್ಳಬಹುದು. ಆದರೆ ತಂತಿ ಎಳೆಯುವ ಮೊದಲೇ ಆ ಮರವಿದ್ದರೆ ಮರದವನಿಗೆ ಯೋಗ್ಯ ಪರಿಹಾರವನ್ನು ಅವರು ಗೊತ್ತುಮಾಡಬೇಕು. ಅದನ್ನು ಕಂಪನಿಯಿಂದ ವಸೂಲು ಮಾಡುವ ಹಕ್ಕು ಮರದವನಿಗಿದೆ. ಇದೇನೂ ಹೊಸ ದಾನವಲ್ಲ, ೧೯೧೦ರ ಹಳೆಯ ಕಾಯಿದೆಯಲ್ಲಿಯೂ ಇದೇ ತತ್ವವಿತ್ತು. ಮರಗಳ ಪರಿಹಾರವನ್ನು ಎಲ್ಲೆಡೆಗೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು, ಆಯಾ ಸ್ಥಳದ ಸ್ಥಿತಿಗತಿ ನೋಡಬೇಕೆಂದು ೨೦೦೭ರಲ್ಲಿ ಕೇರಳ ವಿದ್ಯುತ್ ಮಂಡಳಿಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಕಾನೂನಿನ ಮಾತು ಎರಡು ಅಲಗಿನ ಕತ್ತಿಯಂತಿದೆ ಎಂಬುದನ್ನೂ ಮರೆಯಬಾರದು. ಮರ ಮೊದಲಿದ್ದರೆ ಪರಿಹಾರ. ಆದರೆ ತಂತಿ ಇದ್ದ ಮೇಲೆ ಅದರ ಬುಡದಲ್ಲಿಯೇ ತೆಂಗಿನ ಸಸಿ ನೆಟ್ಟವನಿಗೆ ಈ ಕಲಮಿನ ಆಸರೆಯಿಲ್ಲ. ಮರ ಮೊದಲಿದ್ದವನೂ ಪರಿಹಾರ ಕೇಳಬಹುದೇ ಹೊರತು, ಊರಿನ ದೀಪವನ್ನೇ ತಡೆದು ನಿಲ್ಲಿಸುವ ಹಕ್ಕು ಅವನಿಗಿಲ್ಲ. ಅವನ ಮರದ ನೆರಳು ಅವನದು. ಆದರೆ ಅದರ ಟೊಂಗೆಯಿಂದ ಬೀಳುವ ಕತ್ತಲೆ ಊರಿನದು.

ಹಾಗಾದರೆ ಮರ ಮೊದಲೆಂದು ರುಜುವಾತು ಮಾಡುವುದು ಹೇಗೆ? ತಂತಿ ಎಳೆದ ವರ್ಷವು ಕಂಪನಿಯ ಕಾಗದಪತ್ರದಲ್ಲಿರಬೇಕು. ನಮ್ಮ ಜಿಲ್ಲೆಗೆ ವಿದ್ಯುತ್ ಹಂಚುವ ಹೆಸ್ಕಾಂ ೨೦೦೨ರಲ್ಲಿ ಸ್ಥಾಪಿತವಾದ, ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ಸರಕಾರಿ ಒಡೆತನದ ಕಂಪನಿ. ಆದ್ದರಿಂದ ೨೦೦೫ರ ಮಾಹಿತಿ ಹಕ್ಕು ಕಾಯಿದೆಯಂತೆ ಯಾವ ನಾಗರಿಕನೂ ಆ ಕಾಗದವನ್ನು ಕೇಳಬಹುದು. ಇತ್ತ ತೆಂಗಿನ ಮರವಂತೂ ತನ್ನ ವಯಸ್ಸನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಒಳ್ಳೆಯ ತೆಂಗು ವರ್ಷಕ್ಕೆ ಸುಮಾರು ಹನ್ನೆರಡು ಮಡಲು ಬಿಡುತ್ತದೆ. ಉದುರಿದ ಪ್ರತಿ ಮಡಲೂ ಕಾಂಡದ ಮೇಲೆ ಒಂದು ಕಲೆ ಉಳಿಸುತ್ತದೆ. ಕಲೆಗಳನ್ನು ಎಣಿಸಿ ಹನ್ನೆರಡರಿಂದ ಭಾಗಿಸಿ, ಕಾಂಡ ಏಳುವ ಮೊದಲಿನ ಕೆಲವು ವರ್ಷಗಳನ್ನು ಕೂಡಿಸಿದರೆ ಮರದ ವಯಸ್ಸು ಅಂದಾಜಾಗಿ ಸಿಗುತ್ತದೆ. ನಮ್ಮ ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು.

ತೆಂಗಿನ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಮಾವು, ಹಲಸು, ಹೊನ್ನೆಗಳಿಗೆ ಟೊಂಗೆ ಕಡಿದರೆ ಮತ್ತೆ ಚಿಗುರುತ್ತದೆ. ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಕಡಿದರೆ ಮರ ಸತ್ತಿತು. ಬೆಳೆದ ಮರದ ಮಡಲು ನಾಲ್ಕರಿಂದ ಆರು ಮೀಟರು ಉದ್ದವಿರುತ್ತದೆ. ತಂತಿಯ ಪಕ್ಕದ ಮಡಲುಗಳನ್ನಷ್ಟೇ ಕೊಯ್ದರೆ ಮುಂದಿನ ವರ್ಷ ಮತ್ತೆ ಅಷ್ಟೇ. ಆದ್ದರಿಂದ ತಂತಿಗೆ ತೀರ ಹತ್ತಿರದ ತೆಂಗಿನ ವಿಷಯದಲ್ಲಿ ಎರಡೇ ದಾರಿ: ತಂತಿಯನ್ನು ಸರಿಸುವುದು, ಇಲ್ಲವೆ ಮರದ ಪೂರ್ತಿ ಬೆಲೆ ಕೊಟ್ಟು ಮರವನ್ನು ತೆಗೆಯುವುದು. ಫಲ ಕೊಡಲು ಐದಾರು ವರ್ಷ ಹಿಡಿದು, ಅರವತ್ತು ವರ್ಷವಾದರೂ ಬಾಳುವ ಮರವದು. ಗಂಡ ತೀರಿದ ಹೆಂಗಸಿಗೆ ಹಿತ್ತಲಿನ ನಾಲ್ಕು ತೆಂಗೇ ಪಿಂಚಣಿಯಾಗಿರುವ ಮನೆಗಳು ಈ ತಾಲೂಕುಗಳಲ್ಲಿ ಎಷ್ಟಿಲ್ಲ? ಅಂಥ ಮರಕ್ಕೆ ‘ಬನ್ನಿ, ಕಡಿಯುತ್ತೇವೆ’ ಎಂಬ ಮಾತಷ್ಟೇ ಸಾಲದು.

ಕಚೇರಿಯ ಭಾಷೆಯಲ್ಲಿ ಈ ಕೆಲಸಕ್ಕೆ ‘ಜಂಗಲ್ ಕಟಿಂಗ್’ ಎನ್ನುತ್ತಾರೆ. ಬೆಟ್ಟದ ಸೆರಗಿನಲ್ಲಿ ಬೆಳೆದ ಪೊದೆಗೂ, ಮನೆಯ ಅಂಗಳದ ಕಸಿ ಮಾವಿಗೂ ಒಂದೇ ಹೆಸರು. ಹೆಸರಿನಂತೆಯೇ ಕತ್ತಿಯೂ ಬೀಳುತ್ತದೆ. ಕೈಗೆ ಸಿಕ್ಕಲ್ಲಿ ಕೊಚ್ಚಿ, ಮರದ ತಲೆಯನ್ನು ಬೋಳಿಸಿ, ಸೊಪ್ಪು ಕಟ್ಟಿಗೆಯನ್ನು ಗಟಾರದಲ್ಲಿ ಬಿಟ್ಟು ಹೋಗುವುದು ಎಲ್ಲಿ ನಡೆದರೂ ಅದು ಮರಕ್ಕೂ ಕೇಡು, ತಂತಿಗೂ ಕೇಡು. ತಲೆ ಬೋಳಿಸಿದ ಮರವು ಒಮ್ಮೆಲೆ ಹತ್ತಾರು ಕುಡಿ ಚಿಗುರಿಸುತ್ತದೆ. ಆ ಕುಡಿಗಳು ಬಲುಬೇಗ ಮೇಲೇಳುತ್ತವೆ, ಮರಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಮುಂದಿನ ಗಾಳಿಗೆ ಅವೇ ಮುರಿದು ತಂತಿಯ ಮೇಲೆ ಬೀಳುತ್ತವೆ. ತಂತಿಯತ್ತ ಹೋಗುವ ಟೊಂಗೆಯನ್ನು ಮಾತ್ರ ಆರಿಸಿ, ಅದು ಹುಟ್ಟಿದ ಗಂಟಿನ ಬಳಿಯಲ್ಲಿ ಗರಗಸದಿಂದ ನೀಟಾಗಿ ಕೊಯ್ದರೆ ಗಾಯ ಮಾಯುತ್ತದೆ, ಮರ ಬೇರೆ ದಿಕ್ಕಿಗೆ ಬೆಳೆಯುತ್ತದೆ. ಒಂದು ಗಂಟೆಯ ತಾಳ್ಮೆಯು ಮೂರು ವರ್ಷದ ಕೆಲಸ ಉಳಿಸುತ್ತದೆ.

ಇಷ್ಟು ಹೊತ್ತು ಮರದ ಮಾತಾಡಿದೆವು. ಮರ ಹತ್ತುವವನ ಮಾತನ್ನೂ ಆಡಬೇಕು. ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ಬರುವ ಹುಡುಗನಿಗೆ ಕತ್ತಿ ಕೊಟ್ಟು ಮರ ಹತ್ತಿಸುವ ಮೊದಲು ಮಾರ್ಗವನ್ನು ಬಂದು ಮಾಡಿ, ‘ಲೈನ್ ಕ್ಲಿಯರ್’ ಪಡೆದು, ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥಿಂಗ್ ಮಾಡಲೇಬೇಕು. ಬೆಲ್ಟು, ಹೆಲ್ಮೆಟ್ಟು, ಕೈಗವಸು ಇಲ್ಲದೆ ಯಾರನ್ನೂ ಹತ್ತಿಸಬಾರದು. ಇಲ್ಲಿ ನಮ್ಮ ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಕರೆಂಟು ಹೋದೊಡನೆ ನೀವು ಹಚ್ಚುವ ಜನರೇಟರಿಗೆ ಚೇಂಜ್ ಓವರ್ ಸ್ವಿಚ್ಚು ಇಲ್ಲದಿದ್ದರೆ ಅದರ ವಿದ್ಯುತ್ತು ಹಿಮ್ಮುಖವಾಗಿ ಹರಿದು ಓಣಿಯ ಟ್ರಾನ್ಸ್‌ಫಾರ್ಮರನ್ನು ಸೇರುತ್ತದೆ. ಇಳಿಸುವ ಯಂತ್ರವೇ ಆಗ ಏರಿಸುವ ಯಂತ್ರವಾಗಿ, ನಿಮ್ಮಂಗಡಿಯ ೨೩೦ ವೋಲ್ಟು ಕಂಬದ ಮೇಲೆ ೧೧,೦೦೦ ಆಗುತ್ತದೆ. ಮಾರ್ಗ ಸತ್ತಿದೆಯೆಂದು ನಂಬಿ ಹತ್ತಿದವನ ಮನೆಯ ದೀಪ ಆರುತ್ತದೆ. ಒಂದು ಸ್ವಿಚ್ಚಿನ ಬೆಲೆಗೆ ಒಬ್ಬ ಕೆಲಸಗಾರನ ಜೀವವನ್ನು ತೂಗುವ ವ್ಯಾಪಾರವು ನಮ್ಮವರಿಗೆ ಬೇಡ.

ಕಾಯಿ ಕೊಯ್ಯುವವರೂ ಎಚ್ಚರವಹಿಸಬೇಕು. ಮೊದಲು ಬಿದಿರಿನ ದೋಟಿಯಿತ್ತು, ಈಗ ಹಗುರವೆಂದು ಅಲ್ಯೂಮಿನಿಯಂ ದೋಟಿ ಬಂದಿದೆ. ಅದು ತಂತಿ ಮುಟ್ಟಿದರೆ ಹಿಡಿದವನು ಉಳಿಯುವುದು ಕಷ್ಟ. ಕಬ್ಬಿಣದ ಏಣಿಯೂ ಹಾಗೆಯೇ. ತಂತಿಯ ಬಳಿಯ ಮರದ ಕಾಯಿ ಕೊಯ್ಯುವ ಮೊದಲು ಕಂಪನಿಗೆ ತಿಳಿಸಿ ಮಾರ್ಗ ಬಂದು ಮಾಡಿಸಿಕೊಳ್ಳಿರಿ. ಕಡಿದು ಬಿದ್ದ ತಂತಿಯನ್ನು ಕಂಡರೆ ಯಾರೂ ಮುಟ್ಟಬಾರದು, ಮಕ್ಕಳನ್ನೂ ದನಕರುಗಳನ್ನೂ ದೂರವಿಟ್ಟು ೧೯೧೨ಕ್ಕೆ ಫೋನು ಮಾಡಬೇಕು.

ತಂತಿ ಬಿದ್ದು ಜೀವ ಹೋದಾಗ ‘ತಪ್ಪು ನಮ್ಮದಲ್ಲ, ಬೇರೆಯವರದು’ ಎಂಬ ಉತ್ತರ ಕೇಳಿಬರುವುದುಂಟು. ಇದಕ್ಕೆ ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿಯೇ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದಲ್ಲಿ ಕಾರ್ಖಾನೆಯ ಕೆಲಸ ಮುಗಿಸಿ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೊರಟ ಕಾಮಗಾರನೊಬ್ಬನು ಮಳೆನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ತಂತಿಗೆ ಸಿಕ್ಕಿ ಸತ್ತನು. ಯಾರೋ ವಿದ್ಯುತ್ ಕದಿಯಲು ಹೋಗಿ ತಂತಿ ಬಿದ್ದಿತೆಂದು ಅಲ್ಲಿನ ವಿದ್ಯುತ್ ಮಂಡಳಿ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಇಂಥ ಅಪಾಯಕರ ವಸ್ತುವನ್ನು ಸಾಗಿಸುವವನೇ ಅದರಿಂದಾದ ಹಾನಿಗೆ ಹೊಣೆಗಾರನೆಂದು ತೀರ್ಪಿತ್ತಿತು. ನೆರೆಯವನ ಮರವನ್ನು ತೋರಿಸಿ ಹೊಣೆ ಜಾರಿಸಿಕೊಳ್ಳಲು ಬಯಸುವವರು ಈ ತೀರ್ಪನ್ನು ಒಮ್ಮೆ ಓದುವುದು ಒಳಿತು.

ಹಾಗಾದರೆ ಆಗಬೇಕಾದದ್ದೇನು? ಒಂದನೆಯದಾಗಿ, ಶಿವರಾತ್ರಿಯೊಳಗೆ ಪ್ರತಿ ಮಾರ್ಗದ ಅಪಾಯದ ಮರಗಳ ಪಟ್ಟಿಯಾಗಬೇಕು, ರೋಹಿಣಿ ಹುಟ್ಟುವ ಮೊದಲು ಸವರುವ ಕೆಲಸ ಮುಗಿಯಬೇಕು. ಮಳೆ ಬಿದ್ದ ಮೇಲೆ ಕತ್ತಿ ಮಸೆಯುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಎರಡನೆಯದಾಗಿ, ಆ ಪಟ್ಟಿಯನ್ನು ಗ್ರಾಮ ಪಂಚಾಯತಿ, ಪಟ್ಟಣ ಪಂಚಾಯತಿ, ಪುರಸಭೆಗಳ ಬಾಗಿಲಿಗೆ ಹಚ್ಚಬೇಕು. ಹದಿನೈದು ದಿನ ಮೊದಲು ಮನೆಯವರಿಗೆ ಲಿಖಿತ ಸೂಚನೆ ಕೊಡಬೇಕು. ಪತ್ರಿಕೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂದು ಅಚ್ಚಾದರೆ ಮನೆಯವರಿಗೆ ತಿಳಿಸಿದಂತಾಗಲಿಲ್ಲ. ಮೂರನೆಯದಾಗಿ, ಯಾವ ಮರ, ಎಷ್ಟು ಕಡಿದದ್ದು, ಮರ ಮೊದಲೋ ತಂತಿ ಮೊದಲೋ ಎಂಬುದನ್ನು ಬರೆದು ರಸೀದಿ ಕೊಡಬೇಕು. ಪರಿಹಾರದ ಅರ್ಜಿಗೆ ಬಡವನು ಕಚೇರಿಯಿಂದ ಕಚೇರಿಗೆ ಅಲೆಯದಂತೆ ಆ ರಸೀದಿಯೇ ಆಧಾರವಾಗಬೇಕು. ನಾಲ್ಕನೆಯದಾಗಿ, ಮರ ದಟ್ಟವಾಗಿರುವ ಕೇರಿಗಳಲ್ಲಿ ಬರಿಮೈ ತಂತಿಯ ಬದಲು ಹೊದಿಕೆಯ ಕೇಬಲ್ಲನ್ನು ಹಾಕಬೇಕು. ನೆಲದಡಿಯ ಕೇಬಲ್ಲು ಬಲು ದುಬಾರಿ, ಎಲ್ಲೆಡೆಗೂ ಅದನ್ನೇ ಕೇಳುವುದು ಹಗಲುಗನಸು. ಆದರೆ ಹೊದಿಕೆಯ ಕೇಬಲ್ಲು ಹಾಗಲ್ಲ. ವರ್ಷ ವರ್ಷ ಕಡಿಯುವ ಕೂಲಿ, ಮತ್ತೆ ಮತ್ತೆ ಮುರಿಯುವ ಕಂಬ, ನಿಂತುಹೋಗುವ ಗಿರಣಿ ಇವೆಲ್ಲದರ ಲೆಕ್ಕ ಹಾಕಿ ನೋಡಿದರೆ ಯಾವುದು ಅಗ್ಗವೆಂದು ಗೊತ್ತಾಗುತ್ತದೆ.

ನಮ್ಮ ಕಡೆಯಿಂದಲೂ ಕೆಲಸವಿದೆ. ತಂತಿಯ ಕೆಳಗೆ ಇನ್ನು ಮುಂದೆ ತೆಂಗನ್ನೂ ಗಾಳಿ ಮರವನ್ನೂ ನೆಡುವುದು ಬೇಡ. ನಿಂಬೆ, ಕರಿಬೇವು, ದಾಸವಾಳ ಸಾಕು. ಭಟ್ಕಳದ ಹಿತ್ತಲುಗಳ ಮಲ್ಲಿಗೆಯು ಯಾವ ತಂತಿಯನ್ನೂ ಎಂದೂ ಮುಟ್ಟದು, ದಿನವೂ ಕಾಸು ಕೊಡುತ್ತದೆ. ಸವರಲು ಬಂದವರನ್ನು ಬಾಗಿಲಲ್ಲಿಯೇ ತಡೆಯುವುದಲ್ಲ, ಒಳಗೆ ಕರೆದು ಯಾವ ಟೊಂಗೆಯೆಂದು ಕೇಳಿ, ಎದುರು ನಿಂತು ಕಡಿಸಿ, ರಸೀದಿ ಕೇಳಿರಿ. ಕೊಡದಿದ್ದರೆ ತಾವೇ ಎರಡು ಪ್ರತಿ ಬರೆದು ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದಕ್ಕೆ ಠಸ್ಸೆ ಹಾಕಿಸಿಕೊಳ್ಳಿರಿ. ಪೂರೈಕೆಯಲ್ಲಿ ಲೋಪವಾದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದು ಅದೇ ಕಾಯಿದೆಯ ೫೭ನೆಯ ಕಲಮು ಹೇಳುತ್ತದೆ. ದೂರು ಕೇಳಲು ಗ್ರಾಹಕರ ಕುಂದುಕೊರತೆಯ ವೇದಿಕೆಯೂ ಇದೆ. ಒಬ್ಬ ಅಂಗಡಿಯವನು ಹೋದರೆ ನಾಳೆ ಬಾ ಎನ್ನುತ್ತಾರೆ. ಪೇಟೆಯ ಐವತ್ತು ಅಂಗಡಿಗಳೂ ಗಿರಣಿಯ ಕಾಮಗಾರರೂ ಒಂದೇ ಅರ್ಜಿಗೆ ಸಹಿ ಹಾಕಿ ಹೋದರೆ ಇಂದೇ ಕೂತುಕೊಳ್ಳಿ ಎನ್ನುತ್ತಾರೆ.

ಮರವೂ ಬೇಕು, ದೀಪವೂ ಬೇಕು. ಎರಡನ್ನೂ ಉಳಿಸುವುದು ಕಷ್ಟದ ವಿದ್ಯೆಯೇನಲ್ಲ. ಅದಕ್ಕೆ ಬೇಕಾದದ್ದು ಒಂದು ಪಟ್ಟಿ, ಒಂದು ಸೂಚನೆ, ಒಂದು ಗರಗಸ, ಒಂದು ರಸೀದಿ. ಕೋಟಿಗಟ್ಟಲೆ ಹಣ ಸುರಿದು ನದಿಗಳನ್ನೇ ಕಟ್ಟಿದ ಸರಕಾರಕ್ಕೆ ಇಷ್ಟು ಸಾಧ್ಯವಿಲ್ಲವೆಂದು ನಾವು ಒಪ್ಪುವುದಿಲ್ಲ. ಬರುವ ಶಿವರಾತ್ರಿಯ ಹೊತ್ತಿಗೆ ಪ್ರತಿ ಕೇರಿಯವರೂ ತಮ್ಮ ಕಂಬಗಳ ಸಾಲಿನುದ್ದಕ್ಕೂ ಒಮ್ಮೆ ನಡೆದು, ತಂತಿಯ ಬಳಿಯ ಮರಗಳನ್ನು ಎಣಿಸಿ ಬರೆದಿಡಲಿ. ಕಚೇರಿಯವರ ಪಟ್ಟಿ ಬರುವುದು ತಡವಾದರೆ, ಜನರ ಪಟ್ಟಿ ಅವರ ಮೇಜಿನ ಮೇಲೆ ಮೊದಲೇ ಇರಲಿ.